ಬಿಲಿರುಬಿನ್ ಹೆಚ್ಚಿದಾಗ



ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ ಪ್ರಮಾಣವು ಡೆಸಿಲೀಟರಿಗೆ 1.2 ಮಿಲಿಗ್ರಾಂ ಮೀರಿದ ಮಾತ್ರಕ್ಕೆ ಯಕೃತ್ತು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಕೆಂಪು ರಕ್ತಕಣಗಳು ಅತಿಯಾಗಿ ಒಡೆದರೂ, ಪಿತ್ತನಾಳದಲ್ಲಿ ಕಲ್ಲು ಸಿಲುಕಿದರೂ ಅದು ಏರುತ್ತದೆ. ಹುಟ್ಟಿನಿಂದಲೇ ಬರುವ ಗಿಲ್ಬರ್ಟ್ ಸ್ಥಿತಿಯಂತೂ ನಿರಪಾಯಕಾರಿ.

ಆದರೆ ಕೇರಳದಲ್ಲಿ ನೀರನ್ನು ಮರೆಯುವಂತಿಲ್ಲ. 2024ರಲ್ಲಿ ಎರ್ನಾಕುಲಂ ಜಿಲ್ಲೆಯ ವೇಂಗೂರಿನಲ್ಲಿ ಕಲುಷಿತ ಕುಡಿಯುವ ನೀರಿನಿಂದ ಇನ್ನೂರಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್-ಎ ತಗಲಿತು. 2018ರ ಮಹಾಪೂರದ ಬೆನ್ನಿಗೇ ಬಂದದ್ದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಓಡಾಡಿದವರಿಗೆ ಅದು ಅಂಟುತ್ತದೆ; ಉಲ್ಬಣಿಸಿದರೆ ಯಕೃತ್ತಿನೊಡನೆ ಮೂತ್ರಪಿಂಡಗಳೂ ಸೋಲುತ್ತವೆ. ಕಾಮಾಲೆಯೆಂದೊಡನೆ ನೆಲನೆಲ್ಲಿಯ ಕಷಾಯ ಕುಡಿದು ಕಾಯುವ ರೂಢಿ ನಮ್ಮಲ್ಲಿದೆ. ಜ್ವರ ಮತ್ತು ಮೀನಖಂಡದ ನೋವು ಜೊತೆಗಿದ್ದರೆ ಹಾಗೆ ಕಾಯುವುದು ಅಪಾಯಕರ. ಅದೇ ದಿನ ವೈದ್ಯರನ್ನು ಕಂಡು, ಗದ್ದೆಯ ಅಥವಾ ಚರಂಡಿಯ ನೀರಿಗೆ ಇಳಿದಿದ್ದರೆ ಅದನ್ನೂ ತಪ್ಪದೆ ತಿಳಿಸಬೇಕು.