ನೆರೆಮನೆಯ ಮುಂದಿನ ಹಾದಿ

(ಅಮೆರಿಕದ ಚಿಕಾಗೋ ನಗರದಲ್ಲಿ, ಭಕ್ತರೊಬ್ಬರ ಮನೆಯಲ್ಲಿ ಸೇರಿದ್ದ ಸಭೆಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಮನುಷ್ಯನು ಮನೆಯನ್ನು ಕಟ್ಟುತ್ತಾನೆ, ಮನೆಗೆ ಬಾಗಿಲನ್ನು ಇಡುತ್ತಾನೆ. ಬಾಗಿಲಿನ ಒಳಗಿರುವುದು ತನ್ನದು, ಹೊರಗಿರುವುದು ಊರಿನದು ಎಂದು ತಿಳಿಯುತ್ತಾನೆ. ಆದರೆ ಹೊರಗೆ ಕಾಲಿಟ್ಟೊಡನೆ ಒಂದು ಹಾದಿ ಸಿಗುತ್ತದೆ. ಅದು ಪೂರ್ತಿಯಾಗಿ ಅವನದೂ ಅಲ್ಲ, ಅವನಿಗೆ ಸಂಬಂಧವಿಲ್ಲದ್ದೂ ಅಲ್ಲ. ಆ ಹಾದಿಯ ವಿಷಯದಲ್ಲಿ ನಮ್ಮ ಕರ್ತವ್ಯವೇನು ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ. ಸ್ವಾಮಿಗಳು ಸಮುದ್ರ ದಾಟಿ ಇಷ್ಟು ದೂರ ಬಂದರು. ಬಂದು ಹಾದಿಯ ಮೇಲಿನ ಹಿಮದ ವಿಷಯ ಹೇಳುತ್ತಾರಲ್ಲ ಎಂದು ನಿಮಗೆ ಅನ್ನಿಸಬಹುದು. ನಿನ್ನೆ ರಾತ್ರಿ ಭಕ್ತರೊಬ್ಬರು ನಮ್ಮ ಬಳಿ ಬಂದು ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆ ಹಿಮದಲ್ಲಿ ಹುಟ್ಟಿದ್ದು. ಆದುದರಿಂದ ಉತ್ತರವನ್ನೂ ಅಲ್ಲಿಂದಲೇ ಹುಡುಕಬೇಕಾಗಿದೆ.

ನಾವು ಪಾಠಶಾಲೆಯಲ್ಲಿ ಓದುವ ಕಾಲದಲ್ಲಿ ಹಿಮವನ್ನು ಕಂಡದ್ದು ಪುಸ್ತಕದಲ್ಲಿ ಮಾತ್ರ. ಅಮರಕೋಶವನ್ನು ಬಾಯಿಪಾಠ ಒಪ್ಪಿಸುವಾಗ ತುಷಾರ, ತುಹಿನ, ನೀಹಾರ, ಪ್ರಾಲೇಯ ಎಂದು ಅದರ ಹೆಸರುಗಳನ್ನೆಲ್ಲ ಹೇಳುತ್ತಿದ್ದೆವು. ಕಾಳಿದಾಸನ ಕುಮಾರಸಂಭವವು ಹಿಮಾಲಯದ ವರ್ಣನೆಯಿಂದಲೇ ಆರಂಭವಾಗುತ್ತದೆ. ಅದನ್ನು ಓದಿ, ಹಿಮವೆಂದರೆ ಬರಿಯ ಶೋಭೆ ಎಂದು ತಿಳಿದಿದ್ದೆವು. ಅದಕ್ಕೆ ತೂಕವಿದೆ ಎಂಬುದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಮೊನ್ನೆ ಬೆಳಿಗ್ಗೆ ನಾವೂ ಒಂದು ಸಲಿಕೆ ಹಿಡಿದೆವು. ಹತ್ತು ಸಲ ಎತ್ತಿ ಹಾಕುವಷ್ಟರಲ್ಲಿ ಏದುಸಿರು ಬಂತು. ಮಕ್ಕಳು ನಕ್ಕು, ನಮ್ಮ ಕೈಯಿಂದ ಸಲಿಕೆಯನ್ನು ಕಸಿದುಕೊಂಡರು. ಬೀಳುವಾಗ ಅದು ಅರಳೆಯಂತೆ ಬೀಳುತ್ತದೆ. ನಾಲ್ಕು ಜನ ತುಳಿದರೆ ಕಲ್ಲಾಗುತ್ತದೆ. ಹಗಲಿನ ಬಿಸಿಲಿಗೆ ಸ್ವಲ್ಪ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಗಾಜಾಗುತ್ತದೆ. ಬಿದ್ದ ದಿನವೇ ತೆಗೆದರೆ ಹತ್ತು ನಿಮಿಷದ ಕೆಲಸ. ಮೂರು ದಿನ ಬಿಟ್ಟರೆ ಹಾರೆಗೂ ಜಗ್ಗುವುದಿಲ್ಲ. ಮನಸ್ಸಿನ ದೋಷಗಳೂ ಹೀಗೆಯೇ ಎಂದು ನಾವು ಬೇರೆ ಹೇಳಬೇಕಾಗಿಲ್ಲ.

ಈ ನಗರದ ವ್ಯವಸ್ಥೆ ನಿಮಗೆ ಗೊತ್ತೇ ಇದೆ. ವಾಹನಗಳು ಓಡುವ ರಸ್ತೆಯ ಹಿಮವನ್ನು ನಗರಸಭೆಯ ಯಂತ್ರಗಳು ನೂಕುತ್ತವೆ. ಜನರು ನಡೆಯುವ ಸೈಡ್‌ವಾಕಿನ ಹಿಮವನ್ನು ಆಯಾ ಮನೆಯವರೇ ತೆಗೆಯಬೇಕು. ರಾತ್ರಿ ಬಿದ್ದದ್ದನ್ನು ಬೆಳಿಗ್ಗೆ 10 ಗಂಟೆಯೊಳಗೆ, ಹಗಲು ಬಿದ್ದದ್ದನ್ನು ರಾತ್ರಿ 10 ಗಂಟೆಯೊಳಗೆ ತೆಗೆದು, 5 ಅಡಿ ಅಗಲದ ದಾರಿ ಮಾಡಬೇಕು ಎಂಬುದು ನಿಯಮ. ತಪ್ಪಿದವರಿಗೆ 50 ಡಾಲರಿನಿಂದ 500 ಡಾಲರಿನವರೆಗೆ ದಂಡವೂ ಉಂಟು. ಬೋಸ್ಟನ್ನಿನಲ್ಲಿ ಹಿಮ ನಿಂತ ಮೂರು ಗಂಟೆಯೊಳಗೆ ತೆಗೆಯಬೇಕಂತೆ. ನ್ಯೂಯಾರ್ಕಿನಲ್ಲಿ ಹಗಲು ನಿಂತರೆ ನಾಲ್ಕು ಗಂಟೆಯ ಅವಕಾಶ. ಮಾಂಟ್ರಿಯಲ್ಲಿನಲ್ಲಿ ಮಾತ್ರ ಈ ಕೆಲಸವನ್ನು ನಗರಸಭೆಯೇ ಮಾಡುತ್ತದೆ.

“ತೆರಿಗೆ ಕೊಡುವವರು ನಾವು, ನೆಲ ನಗರಸಭೆಯದು, ಸಲಿಕೆ ಮಾತ್ರ ನಮ್ಮ ಕೈಗೆ ಏಕೆ?” ಎಂದು ತರುಣರೊಬ್ಬರು ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಮಾಂಟ್ರಿಯಲ್ಲಿನಂತೆ ಇಲ್ಲಿಯೂ ಆಗಬೇಕೆಂದು ಕೇಳುವ ಹಕ್ಕು ಪ್ರಜೆಗಳಿಗೆ ಇದೆ. 1979ರ ಜನವರಿಯಲ್ಲಿ ಈ ನಗರದಲ್ಲಿ ಭಾರಿ ಹಿಮ ಬಿದ್ದು, ರಸ್ತೆಗಳು ಬೇಗ ತೆರೆಯಲಿಲ್ಲವೆಂಬ ಸಿಟ್ಟಿನಿಂದ ಜನರು ಮರುತಿಂಗಳೇ ಮೇಯರ್ ಮೈಕೆಲ್ ಬಿಲಾಂಡಿಕ್ ಅವರನ್ನು ಪಕ್ಷದ ಒಳಚುನಾವಣೆಯಲ್ಲಿ ಸೋಲಿಸಿ ಜೇನ್ ಬರ್ನ್ ಅವರನ್ನು ಆರಿಸಿದರು. ಕೇಳಬೇಕಾದವರನ್ನು ಕೇಳುವುದು ತಪ್ಪಲ್ಲ. ಆದರೆ ಈ ದಿನ ಬೆಳಿಗ್ಗೆ ಬಿದ್ದ ಹಿಮವು ಆ ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ. ಹಾದಿಗೆ ಹತ್ತಿರ ಇರುವವನು ಯಾರು? ಮನೆಯವನು. ಹತ್ತಿರವಿರುವುದೇ ಅವನ ಅಧಿಕಾರ, ಹತ್ತಿರವಿರುವುದೇ ಅವನ ಹೊಣೆ.

ಈಗ ನಿನ್ನೆಯ ಪ್ರಶ್ನೆಗೆ ಬರೋಣ. ಕೇಳಿದವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಅವರು ಯಾರೆಂದು ನೀವು ಹುಡುಕಬಾರದು. ಆ ಭಕ್ತರು ಈ ನಗರಕ್ಕೆ ಬಂದು ಮನೆ ಕೊಂಡ ಮೊದಲ ವರ್ಷ, ಅವರಲ್ಲಿ ಒಂದು ಸಲಿಕೆಯೂ ಇರಲಿಲ್ಲ. ಮೊದಲ ಹಿಮ ಬಿದ್ದ ದಿನ ಬೆಳಿಗ್ಗೆ ಎದ್ದು ನೋಡಿದರೆ ಅವರ ಮನೆಯ ಮುಂದಿನ ಹಾದಿ ಸ್ವಚ್ಛವಾಗಿತ್ತು. ಪಕ್ಕದ ಮನೆಯ ಮುದುಕಿ, ಗಂಡನಿಲ್ಲದೆ ಒಬ್ಬಳೇ ಇರುವ ತಾಯಿ, ತನ್ನ ಮನೆಯ ಮುಂದೆ ತೆಗೆಯುತ್ತಾ ಇವರ ಮನೆಯ ಮುಂದೆಯೂ ತೆಗೆದಿದ್ದಳು. ಸಲಿಕೆ ಎಲ್ಲಿ ಸಿಗುತ್ತದೆ, ಉಪ್ಪು ಎಷ್ಟು ಎರಚಬೇಕು ಎಂದು ಆಕೆಯೇ ಹೇಳಿಕೊಟ್ಟಳಂತೆ. ವರ್ಷಗಳು ಕಳೆದವು. ಆಕೆಗೆ ಕೈಲಾಗದಾಯಿತು. ದುಡ್ಡು ಕೊಟ್ಟು ಒಬ್ಬ ಹುಡುಗನಿಂದ ತೆಗೆಸುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ದಿನ ಆ ಹುಡುಗ ಬರಲಿಲ್ಲ. ನಮ್ಮ ಭಕ್ತರು ತಮ್ಮ ಮನೆಯ ಮುಂದೆ ತೆಗೆದರು. ನೂಲು ಹಿಡಿದು ಗೆರೆ ಎಳೆದಂತೆ ಗಡಿಯಲ್ಲಿ ನಿಲ್ಲಿಸಿದರು. ಆಫೀಸಿಗೆ ಹೊತ್ತಾಗಿತ್ತು. ಜೊತೆಗೆ, ‘ನಾನು ತೆಗೆದ ಜಾಗದಲ್ಲಿ ಆಕೆ ಜಾರಿದರೆ ಕೋರ್ಟು ನನ್ನನ್ನು ಕೇಳುತ್ತದೆಯೋ ಏನೋ’ ಎಂಬ ಅಳುಕು. ಆಕೆ ಟಪಾಲು ನೋಡಲು ಹೊರಗೆ ಬಂದಳು. ಇವರು ತೆಗೆದ ಹಾದಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಅಂಚೆಯವನು ಬರುವವರೆಗೂ ಆ ಚಳಿಯಲ್ಲಿ ಅಲ್ಲಿಯೇ ಬಿದ್ದಿದ್ದಳು. ಈಗ ಆಕೆ ವೃದ್ಧರ ಆರೈಕೆಯ ಮನೆಯಲ್ಲಿದ್ದಾಳೆ.

“ಬುದ್ಧೀ, ಕಾನೂನಿನ ಪ್ರಕಾರ ನನ್ನದೇನೂ ತಪ್ಪಿಲ್ಲ. ನಾನು ಪಾಪ ಮಾಡಿದೆನೇ?” ಎಂದು ಅವರು ಕೇಳಿದರು. ಇದೇ ಪ್ರಶ್ನೆ.

“ನೀವು ಆಕೆಯನ್ನು ಕೆಡವಲಿಲ್ಲಪ್ಪ, ಹಿಮ ಕೆಡವಿತು. ಆದರೆ ಮೊದಲ ವರ್ಷ ಆಕೆ ನಿಮ್ಮ ಗಡಿ ಎಲ್ಲಿದೆ ಎಂದು ನೋಡಲಿಲ್ಲ, ಆ ದಿನ ನೀವು ನೋಡಿದಿರಿ. ನಿಮ್ಮ ಮನಸ್ಸನ್ನು ಚುಚ್ಚುತ್ತಿರುವುದು ಅಷ್ಟೆ” ಎಂದು ನಾವು ಹೇಳಿದೆವು. ಚಿಕಾಗೋದ ಹಳೆಯ ಬಡಾವಣೆಗಳಲ್ಲಿ ಒಂದು ನಿವೇಶನದ ಅಗಲ ಸಾಮಾನ್ಯವಾಗಿ 25 ಅಡಿ. ಆ ಮುದುಕಿಗೂ ನಮ್ಮ ಭಕ್ತರಿಗೂ ನಡುವೆ ಇದ್ದ ಸಾಲ 25 ಅಡಿಯ ಹಿಮ.

ಸ್ಥಾವರ ಎಂಬ ಶಬ್ದವು ‘ಸ್ಥಾ’ ಧಾತುವಿನಿಂದ ಬಂದಿದೆ, ನಿಂತಿರುವುದು ಎಂದರ್ಥ. ಜಂಗಮ ಎಂಬುದು ‘ಗಮ್’ ಧಾತುವಿನಿಂದ ಬಂದಿದೆ, ಚಲಿಸುವುದು ಎಂದರ್ಥ. ಗಡಿ ಸ್ಥಾವರ, ಬೇಲಿ ಸ್ಥಾವರ. ನಡೆಯುವವನು ಜಂಗಮ. ಹಾದಿಯಿರುವುದು ಗಡಿಗಾಗಿಯೋ, ನಡೆಯುವವನಿಗಾಗಿಯೋ? ಒಂದು ಬೀದಿಯಲ್ಲಿ ಇಪ್ಪತ್ತು ಮನೆಗಳಿವೆ, ಹತ್ತೊಂಬತ್ತು ಮನೆಯವರು ಹಿಮ ತೆಗೆದಿದ್ದಾರೆ ಎಂದಿಟ್ಟುಕೊಳ್ಳಿ. ಗಾಲಿಕುರ್ಚಿಯಲ್ಲಿ ಬರುವವನಿಗೆ ಹತ್ತೊಂಬತ್ತು ಮನೆಯ ಹಾದಿ ಸಿಕ್ಕಿತೇ? ಇಲ್ಲ. ಅವನು ಇಪ್ಪತ್ತನೆಯ ಮನೆಯ ಮುಂದೆ ನಿಂತುಬಿಟ್ಟನು, ಇಲ್ಲವೇ ವಾಹನ ಓಡುವ ರಸ್ತೆಗೆ ಇಳಿದನು. ತುಂಡು ಹಾದಿಗಳನ್ನು ಕೂಡಿಸಿದರೆ ಹಾದಿಯಾಗುವುದಿಲ್ಲ. ನಡುವೆ ಕಡಿಯದೆ ಹೋಗುವುದೇ ಹಾದಿ. ಆದುದರಿಂದ ನೆರೆಯವರಿಗೆ ಕೈಲಾಗದ ದಿನ ಅವರ ಪಾಲನ್ನು ನಾವು ಮಾಡದಿದ್ದರೆ, ನಾವು ಮಾಡಿದ ನಮ್ಮ ಪಾಲೂ ಕೆಲಸಕ್ಕೆ ಬಾರದೆ ಹೋಗುತ್ತದೆ.

ಸಂಸ್ಕೃತದಲ್ಲಿ ನೆರೆಯವನಿಗೆ ಪ್ರತಿವೇಶಿ ಎನ್ನುತ್ತಾರೆ, ಮನೆಗೆ ಎದುರಾಗಿ ವಾಸಿಸುವವನು ಎಂದರ್ಥ. ಅದು ಸ್ಥಳವನ್ನಷ್ಟೇ ಹೇಳುವ ಮಾತು. ನಮ್ಮ ಕನ್ನಡದಲ್ಲಾದರೋ ನೆರೆ ಎಂಬ ಮಾತಿನ ಮಗ್ಗುಲಲ್ಲೇ ನೆರವು ಎಂಬ ಮಾತು ಕುಳಿತಿದೆ. ನಿಮ್ಮ ತಾಯಂದಿರು ಊರಿನಲ್ಲಿ ಬೆಳಗಾಗೆದ್ದು ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗವಲ್ಲಿ ಹಾಕಿದ್ದನ್ನು ನೀವು ಕಂಡವರು. ಆ ನೆಲ ಯಾವ ಸರ್ವೆ ನಂಬರಿನದು ಎಂದು ಯಾವ ತಾಯಿಯೂ ಕೇಳಲಿಲ್ಲ. ಬಾಣಂತಿಯ ಮನೆಯಾದರೆ ಆ ಬಾಗಿಲನ್ನೂ ಪಕ್ಕದ ಮನೆಯವಳೇ ಗುಡಿಸುತ್ತಿದ್ದಳು. ಪೊರಕೆಯ ಜಾಗಕ್ಕೆ ಇಲ್ಲಿ ಸಲಿಕೆ ಬಂದಿದೆ, ಧರ್ಮ ಬದಲಾಗಿಲ್ಲ.

ಕೋರ್ಟಿನ ಅಳುಕಿನ ವಿಷಯವನ್ನೂ ಬಲ್ಲವರಲ್ಲಿ ವಿಚಾರಿಸಿದೆವು. ಈ ಇಲಿನಾಯ್ ರಾಜ್ಯದಲ್ಲಿ 1979ರಲ್ಲಿಯೇ ಒಂದು ಕಾನೂನು ಬಂದಿದೆ. ವಾಸದ ಮನೆಯ ಮುಂದಿನ ಹಾದಿಯ ಹಿಮವನ್ನು ತೆಗೆದ ಮನೆಯವನಾಗಲಿ, ಅವನು ಒಪ್ಪಿಸಿದ ಬೇರೆಯವನಾಗಲಿ, ಬೇಕೆಂದೇ ಅಥವಾ ತೀರ ಅಲಕ್ಷ್ಯದಿಂದ ಕೆಡುಕು ಮಾಡಿದ ಹೊರತು ಹೊಣೆಗಾರನಾಗುವುದಿಲ್ಲ ಎಂದು ಅದು ಹೇಳುತ್ತದೆ. ಜನರು ಭಯವಿಲ್ಲದೆ ಹಿಮ ತೆಗೆಯಲಿ ಎಂಬುದೇ ಅದರ ಉದ್ದೇಶ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ ಇರಬಹುದು. ಅಲ್ಲಿಯವರು ಕೇಳಿ ತಿಳಿಯಬೇಕು. ಆದುದರಿಂದ ಚಳಿಗಾಲ ಆರಂಭವಾಗುವ ಮೊದಲೇ ನೆರೆಮನೆಯ ಬಾಗಿಲು ತಟ್ಟಿ, “ಈ ಸಲ ನಿಮ್ಮ ಮುಂದಿನದನ್ನೂ ನಾವೇ ತೆಗೆಯಲೇ ತಾಯಿ?” ಎಂದು ಒಂದು ಮಾತು ಕೇಳಿಬಿಡಿ. ಕಾನೂನಿಗೂ ಅದು ಸರಿ, ಸ್ನೇಹಕ್ಕೂ ಅದು ಸರಿ. ಕೈಲಾಗದವರು ಬಾಯಿಬಿಟ್ಟು ಕೇಳುವುದಿಲ್ಲ. ಅವರಿಗೆ ನಾಚಿಕೆ ಇರುತ್ತದೆ. ಕೇಳುವ ಕೆಲಸವನ್ನು ಕೈಲಾಗುವವರೇ ಮಾಡಬೇಕು.

ಇನ್ನೊಂದು ಎಚ್ಚರಿಕೆ. ಒದ್ದೆ ಹಿಮವನ್ನು ಚಳಿಯಲ್ಲಿ ಎತ್ತಿ ಎಸೆಯುವಾಗ ಹೃದಯಕ್ಕೆ ಬಹಳ ಶ್ರಮವಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಪ್ರತಿ ವರ್ಷ ಹಿಮ ತೆಗೆಯುತ್ತಲೇ ಹೃದಯಾಘಾತದಿಂದ ಪ್ರಾಣ ಬಿಡುವವರಿದ್ದಾರೆ. ನಮ್ಮ ದೇಶದವರಲ್ಲಿ ಈ ರೋಗ ಹೆಚ್ಚು. ಆದುದರಿಂದ ವಯಸ್ಸಾದವರು, ಹೃದ್ರೋಗಿಗಳು ಹಟ ಮಾಡಿ ಸಲಿಕೆ ಹಿಡಿಯಬಾರದು. ಕೈಲಾಗುವವರೂ ಎತ್ತುವುದಕ್ಕಿಂತ ನೂಕಬೇಕು. ಸ್ವಲ್ಪ ಸ್ವಲ್ಪವೇ ತೆಗೆದು, ನಡುನಡುವೆ ನಿಂತು ದಣಿವಾರಿಸಿಕೊಳ್ಳಬೇಕು. ಎದೆ ಹಿಡಿದರೆ ಆ ಕ್ಷಣವೇ ಸಲಿಕೆ ಬಿಡಬೇಕು. ನೆರೆಯವರ ಸೇವೆಗೆ ಹೋಗಿ ಹೆಂಡತಿ ಮಕ್ಕಳನ್ನು ಅನಾಥರನ್ನಾಗಿ ಮಾಡುವುದು ಧರ್ಮವಲ್ಲ. ಮನೆಯಲ್ಲಿ ಹದಿನಾರು ವರ್ಷದ ಮಕ್ಕಳಿದ್ದರೆ ಅವರನ್ನು ಎಬ್ಬಿಸಿ.

ತೆಗೆದ ಹಿಮವನ್ನು ರಸ್ತೆಗೆ ಎಸೆಯಬೇಡಿ, ಪಕ್ಕದವರ ಹಾದಿಗೆ ನೂಕಬೇಡಿ. ನೀರಿನ ಅಗ್ನಿಶಾಮಕ ಕೊಳಾಯಿ, ಬಸ್ಸು ನಿಲ್ಲುವ ಜಾಗ, ಮೂಲೆಯಲ್ಲಿ ಗಾಲಿಕುರ್ಚಿ ಇಳಿಯುವ ಇಳಿಜಾರು ಇವುಗಳನ್ನು ಮರೆಯಬೇಡಿ. ಇವು ಯಾರ ಬಾಗಿಲಿಗೂ ಎದುರಿಲ್ಲದ ಕಾರಣ ಎಲ್ಲರೂ ಮರೆಯುತ್ತಾರೆ. ಉಪ್ಪನ್ನು ಹಿಡಿತದಲ್ಲಿ ಬಳಸಿ. ಅದು ಕೊನೆಗೆ ಗಿಡದ ಬೇರಿಗೂ ಹೊಳೆಯ ನೀರಿಗೂ ಸೇರುತ್ತದೆ. ಸೊನ್ನೆಗಿಂತ ಒಂಬತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದರೆ ಸಾಮಾನ್ಯ ಉಪ್ಪಿನಿಂದ ಹೆಚ್ಚು ಪ್ರಯೋಜನವಿಲ್ಲ; ಆಗ ಮರಳು ಎರಚಿದರೆ ಕಾಲಿಗೆ ಹಿಡಿತ ಸಿಗುತ್ತದೆ. ಈ ನಗರದಲ್ಲಿ ಸ್ನೋ ಕೋರ್ ಎಂಬ ಸ್ವಯಂಸೇವಕರ ವ್ಯವಸ್ಥೆಯೂ ಇದೆ. ವೃದ್ಧರು, ಅಂಗವಿಕಲರು 311ಕ್ಕೆ ಫೋನು ಮಾಡಿ ನೆರವು ಕೇಳಬಹುದು. ನಮ್ಮ ಯುವಕರು ಅಲ್ಲಿ ಹೆಸರು ಬರೆಸಲಿ. ದಾಸೋಹವೆಂದರೆ ಅನ್ನ ನೀಡುವುದೊಂದೇ ಅಲ್ಲ. ನಡೆಯುವವನಿಗೆ ಹಾದಿ ಮಾಡಿಕೊಡುವುದೂ ದಾಸೋಹವೇ.

ಆ ಭಕ್ತರು ಮೂರು ವರ್ಷದಿಂದ ಆ ತಾಯಿಯನ್ನು ನೋಡಲು ಹೋಗಿಲ್ಲ. ಮುಖ ತೋರಿಸಲು ನಾಚಿಕೆ. “ಮೊದಲು ಅಲ್ಲಿಗೆ ಹೋಗಿ. ಬೇರೆ ಪ್ರಾಯಶ್ಚಿತ್ತ ಆಮೇಲೆ ನೋಡೋಣ” ಎಂದು ನಾವು ಹೇಳಿದೆವು. ಈ ಸಭೆ ಮುಗಿದ ಮೇಲೆ ಹೋಗುವುದಾಗಿ ಮಾತು ಕೊಟ್ಟಿದ್ದಾರೆ. ಅವರಿಗೆ ಹೊತ್ತಾಗಬಾರದು. ಹೊರಗೆ ಮತ್ತೆ ಹಿಮ ಬೀಳುತ್ತಿದೆ. ನೀವೆಲ್ಲರೂ ಮನೆಗೆ ಹೋದ ಮೇಲೆ ನಿಮ್ಮ ಹಾದಿಯನ್ನು ತೆಗೆಯಿರಿ. ತೆಗೆದ ಮೇಲೆ ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿ. ನಿಮಗೂ ನಿಮ್ಮ ನೆರೆಯವರಿಗೂ ಸನ್ಮಂಗಳವಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.