ಕ್ಯಾಮೆರಾಕ್ಕೂ ಕಿವಿ ಬೇಕು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದವರು ನನಗೆ ಕೊಟ್ಟ ವಿಷಯ ಚಿಕ್ಕದು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೊಂದು ವಿಡಿಯೋ ಕ್ಯಾಮೆರಾ ಕೊಡಿಸಬೇಕು. ಶಾರದಾ ಪೂಜೆ, ವಾರ್ಷಿಕೋತ್ಸವ, ಊರಿನಲ್ಲಿ ನಡೆಯುವ ಸಂಗೀತ ಕಚೇರಿ, ಗಮಕ, ಭಜನೆ ಎಲ್ಲವನ್ನೂ ಮಕ್ಕಳೇ ಚಿತ್ರೀಕರಿಸಿ ಇಡಬೇಕು. ಕಡಿಮೆ ದುಡ್ಡಿನಲ್ಲಿ ಯಾವುದನ್ನು ತರೋಣ, ನೀನೇ ಹೇಳು ಎಂದರು. ನಾನು ಇಪ್ಪತ್ತೈದು ವರ್ಷ ಮದುವೆ, ಮುಂಜಿಗಳ ವಿಡಿಯೋ ತೆಗೆದವನು. ಆದರೆ ಈ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದ್ದು ಇದೇ ಶಾಲೆಯ ಅಂಗಳದಲ್ಲಿ ನಾನು ಮಾಡಿದ ಒಂದು ತಪ್ಪು. ಅದನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ನಮಗೆ ಕನ್ನಡ ಕಲಿಸಿದ ಮೇಷ್ಟ್ರು ಗಮಕ ಓದುತ್ತಿದ್ದುದು ಇಲ್ಲಿರುವ ಅರ್ಧ ಜನಕ್ಕೆ ನೆನಪಿದೆ. ಅವರ ನಿವೃತ್ತಿಯ ಸಂಜೆ ಕೊನೆಗೆ ಒಂದು ವಾಚನ ಇತ್ತು. ನಾನು ಆಗಷ್ಟೇ ಸಾಲ ಮಾಡಿ ಮಿನಿ ಡಿವಿ ಕ್ಯಾಮೆರಾ ತಂದಿದ್ದೆ. ಮೇಷ್ಟ್ರ ಧ್ವನಿ ಚೆನ್ನಾಗಿ ಬರಲಿ ಎಂದು ಅಂಗಿಗೆ ಕಾಲರ್ ಮೈಕ್ ಸಿಕ್ಕಿಸಿದೆ, ವೈರು ಕ್ಯಾಮೆರಾಕ್ಕೆ ಚುಚ್ಚಿದೆ. ಆ ಮೈಕಿಗೆ ಒಂದು ಪುಟ್ಟ ಸ್ವಿಚ್ ಇತ್ತು. ಅದನ್ನು ಹಾಕಲು ಮರೆತೆ. ಹೊರಗಿನ ಮೈಕ್ ಚುಚ್ಚಿದರೆ ಕ್ಯಾಮೆರಾದ ಸ್ವಂತ ಮೈಕ್ ಬಂದ್ ಆಗುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಹಾಕಿಕೊಂಡಿರಲಿಲ್ಲ. ಅರವತ್ತು ನಿಮಿಷದ ಟೇಪು ತುಂಬ ಮೇಷ್ಟ್ರ ತುಟಿ ಅಲುಗಾಡುತ್ತದೆ, ಕೈ ಆಡುತ್ತದೆ, ಒಂದು ಅಕ್ಷರ ಕೇಳುವುದಿಲ್ಲ.

ಮರುವರ್ಷ ಮೇಷ್ಟ್ರು ಹೋಗಿಬಿಟ್ಟರು. ಅವರ ಮನೆಯ ಅಮ್ಮ ಆ ಕ್ಯಾಸೆಟ್ ಕೇಳಿದರು. ತಲೆ ತಗ್ಗಿಸಿಕೊಂಡು ಹೋಗಿ ಹಾಕಿ ತೋರಿಸಿದೆ. ಅಮ್ಮ ಪೂರ್ತಿ ನೋಡಿದರು. ಆಮೇಲೆ, "ತುಟಿ ನೋಡಿದ್ರೆ ಗೊತ್ತಾಗುತ್ತೆ ಬಿಡಪ್ಪ, ಇದು ಕರ್ಣಭೇದನ" ಅಂದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶಿವಮೊಗ್ಗ ಹಾಡುವವರ ಜಿಲ್ಲೆ. 2022ರಲ್ಲಿ ನಾವು ಎರಡು ದೊಡ್ಡ ಕಂಠಗಳನ್ನು ಕಳೆದುಕೊಂಡೆವು. ಆಗಸ್ಟ್‌ನಲ್ಲಿ ಶಿವಮೊಗ್ಗ ಸುಬ್ಬಣ್ಣನವರು. ಡಿಸೆಂಬರ್‌ನಲ್ಲಿ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರು, ಅದೇ ವರ್ಷ ಪದ್ಮಶ್ರೀ ಪಡೆದವರು. ಅವರ ಧ್ವನಿ ನಮಗೆ ಇವತ್ತೂ ಸಿಗುತ್ತದೆ, ಯಾಕೆಂದರೆ ಯಾರೋ ಸರಿಯಾಗಿ ರೆಕಾರ್ಡ್ ಮಾಡಿಟ್ಟಿದ್ದಾರೆ. ನಮ್ಮೂರಿನ ಭಜನೆ ಅಜ್ಜಿಗೆ, ಸೋಬಾನೆ ಹೇಳುವವರಿಗೆ, ನಮ್ಮ ಮೇಷ್ಟ್ರಂಥವರಿಗೆ ರೇಡಿಯೋದವರು ಬರುವುದಿಲ್ಲ. ಅವರ ಪಾಲಿಗೆ ಈ ಶಾಲೆಯ ಕ್ಯಾಮೆರಾವೇ ಆಕಾಶವಾಣಿ.

ಆದ್ದರಿಂದ ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದದ್ದು "ಫೋರ್ ಕೆ ಇದೆಯಾ" ಎಂದಲ್ಲ. "ಮೈಕ್ ಚುಚ್ಚುವ ತೂತು ಇದೆಯಾ, ಹೆಡ್‌ಫೋನಿನ ತೂತು ಇದೆಯಾ" ಎಂದು. ಅಗ್ಗದ ಕ್ಯಾಮೆರಾಗಳಲ್ಲಿ ಬಿಟ್ಟುಹೋಗುವುದು ಇವೇ. ಉದಾಹರಣೆಗೆ ಸೋನಿ ಸಿಎಕ್ಸ್405 ಹಗುರ, ಅಗ್ಗ, ಜೂಮ್ 30 ಪಟ್ಟು. ಆದರೆ ಮೈಕ್ ಜ್ಯಾಕ್ ಇಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಸಾಕು, ಕಚೇರಿಗೆ ಸಾಲದು. ಪ್ಯಾನಸೋನಿಕ್ ವಿ785ರಲ್ಲಿ ಜೂಮ್ 20 ಪಟ್ಟು ಮಾತ್ರ, ಆದರೆ ಎರಡೂ ಜ್ಯಾಕ್ ಇವೆ, ಸೆನ್ಸರ್ ದೊಡ್ಡದು. ಇಂಥದ್ದು ಸೆಕೆಂಡ್ ಹ್ಯಾಂಡ್ ಸಿಕ್ಕರೂ ತನ್ನಿ.

ಎರಡನೆಯದು, ಸದ್ದಿನ ಮಟ್ಟವನ್ನು ನಾವೇ ಕೈಯಲ್ಲಿ ಹಿಡಿಯುವಂತಿರಬೇಕು. ಆಟೋಮ್ಯಾಟಿಕ್ ಬಿಟ್ಟರೆ ಕ್ಯಾಮೆರಾ ಏನು ಮಾಡುತ್ತದೆ? ಆಲಾಪನೆ ಮೆಲ್ಲಗೆ ನಡೆಯುವಾಗ ಸದ್ದನ್ನು ತಾನೇ ಏರಿಸುತ್ತದೆ, ಆಗ ಫ್ಯಾನಿನ ಸದ್ದು, ಸವಳಂಗ ರಸ್ತೆಯಲ್ಲಿ ಹೋಗುವ ಶಿಕಾರಿಪುರದ ಬಸ್ಸಿನ ಹಾರ್ನು ಎಲ್ಲ ಮೇಲೆ ಬರುತ್ತದೆ. ಮೃದಂಗದ ಒಂದು ಪೆಟ್ಟು ಬಿದ್ದ ಕೂಡಲೇ ಹೆದರಿ ಇಳಿಸುತ್ತದೆ, ಹಾಡುವವರ ಧ್ವನಿ ಮುಳುಗುತ್ತದೆ. ಒಂದು ಸಣ್ಣ ಆಡಿಯೋ ರೆಕಾರ್ಡರ್ ಜೊತೆಗೆ ತಂದು ವೇದಿಕೆಯ ಹತ್ತಿರ ಇಟ್ಟರೆ ಅರ್ಧ ಕಷ್ಟ ಮುಗಿಯಿತು. ಕ್ಯಾಮೆರಾ ಹಿಂದೆ 17 ಮೀಟರ್ ದೂರದಲ್ಲಿದ್ದರೆ ಅದಕ್ಕೆ ಸದ್ದು ತಲುಪುವುದೇ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ತಡವಾಗಿ. ಕಾರ್ಯಕ್ರಮದ ಮೊದಲು ವೇದಿಕೆಯ ಮೇಲೆ ನಿಂತು ಕ್ಯಾಮೆರಾಕ್ಕೆ ಕಾಣುವಂತೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಮನೆಯಲ್ಲಿ ಕಂಪ್ಯೂಟರಿನಲ್ಲಿ ಕೈ ಸೇರುವ ಚಿತ್ರಕ್ಕೂ ರೆಕಾರ್ಡರಿನ ಸದ್ದಿಗೂ ಗಂಟು ಹಾಕಿದರಾಯಿತು. ಮೈಕ್ ಸೆಟ್‌ನವರ ಮಿಕ್ಸರಿನಿಂದ ಲೈನ್ ಪಡೆದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ನೇರ ಕ್ಯಾಮೆರಾದ ಮೈಕ್ ಜ್ಯಾಕಿಗೆ ಚುಚ್ಚಬೇಡಿ, ಸದ್ದು ಒಡೆಯುತ್ತದೆ. ಲೈನ್ ಸದ್ದನ್ನು ತೆಗೆದುಕೊಳ್ಳುವ ರೆಕಾರ್ಡರಿಗೇ ಕೊಡಿ.

ಮೂರನೆಯದು ಬೆಳಕು. ಬಿಳಿ ಪಂಚೆ, ಬಿಳಿ ಅಂಗಿ, ಹಿಂದೆ ಕಡುನೀಲಿ ಪರದೆ. ಕ್ಯಾಮೆರಾ ಕತ್ತಲನ್ನೂ ಲೆಕ್ಕ ಹಾಕಿ ಬೆಳಕು ಹೆಚ್ಚಿಸುತ್ತದೆ, ಹಾಡುವವರ ಮುಖ ಸುಣ್ಣ ಬಳಿದಂತಾಗುತ್ತದೆ. ಬೆಳಕನ್ನು ಕೈಯಲ್ಲಿ ಇಳಿಸಿ ಅಲ್ಲೇ ನಿಲ್ಲಿಸುವ ಅನುಕೂಲ ಇರಬೇಕು. ನಮ್ಮ ಕರೆಂಟು 50 ಹರ್ಟ್ಸ್. ಷಟರ್ ಅನ್ನು 1/50ಕ್ಕೆ ಇಟ್ಟರೆ ದೀಪ ಮಿಟುಕುವುದು ಕಾಣುವುದಿಲ್ಲ. ಇನ್ನು ಜೂಮ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಡಿಜಿಟಲ್ ಜೂಮಿಗೆ ಮರುಳಾಗಬೇಡಿ, ಆಪ್ಟಿಕಲ್ ಎಷ್ಟು ಎಂದು ನೋಡಿ. ಅದನ್ನೂ ಪೂರ್ತಿ ಎಳೆದರೆ ಲೆನ್ಸಿಗೆ ಬೆಳಕು ಕಡಿಮೆ ಬರುತ್ತದೆ. ಜೂಮ್ ಎಳೆಯುವುದಕ್ಕಿಂತ ನಾಲ್ಕು ಸಾಲು ಮುಂದೆ ಹೋಗಿ ನಿಲ್ಲುವುದು ಲೇಸು.

ನಾಲ್ಕನೆಯದು ದಮ್ಮು. ಕಚೇರಿ ಎಂದರೆ ಎರಡು ಮೂರು ಗಂಟೆ. ಹಲವು ಫೋಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಪಲ್ಲವಿ ಅರ್ಧಕ್ಕೆ ನಿಲ್ಲುತ್ತದೆ. ಫೋನಿಗೆ ನಡುವೆ ಕರೆ ಬರುತ್ತದೆ, ಬಿಸಿಯಾಗುತ್ತದೆ. ಹ್ಯಾಂಡಿಕ್ಯಾಮ್ ಇದೇ ಕೆಲಸಕ್ಕೆ ಹುಟ್ಟಿದ್ದು. 50 ಎಂಬಿಪಿಎಸ್‌ನಲ್ಲಿ ತೆಗೆದರೆ ಗಂಟೆಗೆ 22.5 ಜಿಬಿ ತುಂಬುತ್ತದೆ, ಮೂರು ಗಂಟೆಗೆ 67 ದಾಟುತ್ತದೆ. 64ರ ಕಾರ್ಡು ಮಂಗಳ ಹಾಡುವಾಗ ಕೈಕೊಡುತ್ತದೆ, 128ರದ್ದು ತನ್ನಿ. ಚಾರ್ಜರ್ ಚುಚ್ಚಿಯೇ ತೆಗೆಯಿರಿ, ಬ್ಯಾಟರಿಯೂ ಒಳಗಿರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಇಷ್ಟಕ್ಕೂ ದುಡ್ಡು ಹೇಗೆ ಹಂಚಬೇಕು? ನನ್ನ ಸಲಹೆ: ಕೂಡಿದ ಹಣದಲ್ಲಿ ನೂರಕ್ಕೆ ಅರವತ್ತು ಮಾತ್ರ ಕ್ಯಾಮೆರಾಕ್ಕೆ. ಉಳಿದ ನಲವತ್ತು ರೆಕಾರ್ಡರ್, ಹೆಡ್‌ಫೋನ್, ಅಲುಗಾಡದ ಸ್ಟ್ಯಾಂಡ್, ಕಾರ್ಡು ಮತ್ತು ಎರಡು ಹಾರ್ಡ್ ಡಿಸ್ಕಿಗೆ. ಒಂದು ಡಿಸ್ಕ್ ಶಾಲೆಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ. ಪೂರ್ತಿ ದುಡ್ಡು ಕ್ಯಾಮೆರಾಕ್ಕೇ ಸುರಿದರೆ ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಕೂರುತ್ತದೆ, ಪಾಪ, ಮುಟ್ಟಲು ಎಲ್ಲರಿಗೂ ಹೆದರಿಕೆ.

ಮಕ್ಕಳೇ, ನಿಮಗೆ ಮೂರೇ ಮಾತು. ಹಾಡುವವರನ್ನು ಕೇಳಿ, ಒಪ್ಪಿದ ಮೇಲೆ ತೆಗೆಯಿರಿ. ಮೊದಲ ಒಂದು ನಿಮಿಷ ತೆಗೆದು, ಹಿಂದಕ್ಕೆ ಹಾಕಿ, ಕೇಳಿ ನೋಡಿ. ಕಾರ್ಯಕ್ರಮ ಮುಗಿಯುವ ತನಕ ಹೆಡ್‌ಫೋನ್ ಕಿವಿಯಿಂದ ತೆಗೆಯಬೇಡಿ.

ಆ ಹಳೆಯ ಟೇಪು ಇನ್ನೂ ನನ್ನ ಹತ್ತಿರ ಇದೆ. ಕ್ಯಾಮೆರಾ ಬಂದ ದಿನ ಅದನ್ನು ತಂದು ಶಾಲೆಗೆ ಕೊಡುತ್ತೇನೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಮೊದಲ ಪಾಠವಾಗಿ ಅದನ್ನೇ ತೋರಿಸಿ. ಮೇಷ್ಟ್ರು ನಮಗೆ ಪಾಠ ಮಾಡಿದ್ದು ಇದೇ ಶಾಲೆಯಲ್ಲಿ. ಸದ್ದಿಲ್ಲದೆಯಾದರೂ ಇನ್ನೊಂದು ಪಾಠ ಮಾಡಲಿ.

ಕ್ಯಾಮೆರಾದ ಹಣಕ್ಕೆ ನನ್ನ ಪಾಲನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ.