ಕುತ್ತಿಗೆಯ ಗಂಟು ಮಿಡಿಯುತ್ತಿದೆಯಾ? ಸೂಜಿಗೆ ಮೊದಲು ಸ್ಕ್ಯಾನ್ ಆಗಲಿ

ದವಡೆಯ ಕೆಳಗೆ, ಗಂಟಲ ಪಕ್ಕ ಎರಡು ಬೆರಳು ಮೆಲ್ಲಗೆ ಇಡಿ. ಒಂದೇ ಕಡೆ ಸಾಕು, ಒತ್ತಬೇಡಿ. ಮಿಡೀತಿದೆ ಅಲ್ವಾ? ಅದೇ ಕ್ಯಾರೊಟಿಡ್ ಅಪಧಮನಿ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಎಡಕ್ಕೊಂದು, ಬಲಕ್ಕೊಂದು ಇರುತ್ತೆ.

ಈ ನಾಳದ ಗೋಡೆ ಒಂದು ಕಡೆ ದುರ್ಬಲವಾಗಿ ಬಲೂನಿನ ಹಾಗೆ ಉಬ್ಬಿದರೆ ಅದಕ್ಕೆ ಅನ್ಯೂರಿಸಂ ಅಂತಾರೆ. ಕುತ್ತಿಗೆಯಲ್ಲಿ ಇದು ಅಪರೂಪ. ಹಾಗಾಗಿಯೇ ಸುಲಭವಾಗಿ ಗಮನ ತಪ್ಪುತ್ತೆ. ಕುತ್ತಿಗೆಯಲ್ಲಿ ಗಂಟು ಅಂದ ಕೂಡಲೇ ನಮಗೆ ನೆನಪಾಗೋದು ಥೈರಾಯ್ಡ್, ಇಲ್ಲಾ ಟಿಬಿ ಗಡ್ಡೆ. ಸೂಜಿ ಹಾಕಿ ಟೆಸ್ಟ್ ಮಾಡಿಸೋಣ ಅಂತ ಹೊರಡ್ತೀವಿ. ಆದರೆ ಅದು ಅನ್ಯೂರಿಸಂ ಆಗಿದ್ದರೆ ಸೂಜಿ ಚುಚ್ಚಿದಾಗ ಜೋರು ರಕ್ತಸ್ರಾವ ಆಗಬಹುದು. ಗಂಟು ಮಿಡಿಯುತ್ತಿದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ.

ಮಿಡಿಯೋದೆಲ್ಲ ಅನ್ಯೂರಿಸಂ ಅಲ್ಲ. ವಯಸ್ಸಾದವರಲ್ಲಿ ನಾಳ ಸೊಟ್ಟಗೆ ಬಾಗಿದರೂ ಹಾಗೇ ಕಾಣುತ್ತೆ. ಡಾಪ್ಲರ್ ಸ್ಕ್ಯಾನ್ ಮಾಡಿದರೆ ಇದು ಸಾಮಾನ್ಯವಾಗಿ ತಿಳಿಯುತ್ತೆ. ಅದು ಬರೀ ಶಬ್ದತರಂಗ, ವಿಕಿರಣ ಇಲ್ಲ. ಉಬ್ಬು ಎಷ್ಟು ದೊಡ್ಡದು, ತಲೆಬುರುಡೆಗೆ ಎಷ್ಟು ಹತ್ತಿರ ಅಂತ ನೋಡೋಕೆ ಸಿಟಿ ಆಂಜಿಯೋಗ್ರಾಮ್ ಬೇಕು.

"ಒಡೆದು ಹೋಗುತ್ತಾ?" ಅಂತ ಎಲ್ಲರೂ ಕೇಳ್ತಾರೆ. ಒಡೆಯೋದು ಕಡಿಮೆ. ಹೆಚ್ಚಿನ ಭಯ ಸ್ಟ್ರೋಕ್‌ನದು. ಉಬ್ಬಿನೊಳಗೆ ರಕ್ತ ಸುತ್ತಿ ಸುತ್ತಿ ಹೆಪ್ಪುಗಟ್ಟುತ್ತೆ, ಅದರ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಬಾಯಿ ಸೊಟ್ಟಗಾಗೋದು, ಒಂದು ಕೈ ಸೋಲೋದು, ಮಾತು ತೊದಲೋದು, ಒಂದು ಕಣ್ಣು ಕತ್ತಲಾಗೋದು ಇದರ ಲಕ್ಷಣ. ಹತ್ತು ನಿಮಿಷದಲ್ಲಿ ಸರಿಹೋದರೂ "ಸುಸ್ತಿರಬೇಕು" ಅಂತ ಮಲಗಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಚಿಕಿತ್ಸೆ ಹಳೇ ಕಾಲದಿಂದ ಇದೆ. 1805ರಲ್ಲಿ ಲಂಡನ್‌ನ ಸರ್ಜನ್ ಆಸ್ಟ್ಲಿ ಕೂಪರ್ ಇಂಥ ಉಬ್ಬಿಗಾಗಿ ಕ್ಯಾರೊಟಿಡ್ ನಾಳವನ್ನೇ ದಾರದಿಂದ ಕಟ್ಟಿದರು. ಆ ರೋಗಿ ಉಳಿಯಲಿಲ್ಲ. 1808ರಲ್ಲಿ ಇನ್ನೊಬ್ಬರಿಗೆ ಮಾಡಿದಾಗ ಬದುಕಿದರು. ಆದರೆ ನಾಳ ಕಟ್ಟಿದರೆ ಮಿದುಳಿಗೆ ರಕ್ತ ಕಡಿಮೆಯಾಗುವ ಅಪಾಯ ಇದ್ದೇ ಇದೆ. ಹಾಗಾಗಿ ಈಗ ರಕ್ತದ ದಾರಿ ಉಳಿಸಿಕೊಂಡೇ ರಿಪೇರಿ ಮಾಡ್ತಾರೆ. ಉಬ್ಬಿದ ಭಾಗ ಕತ್ತರಿಸಿ, ಕಾಲಿನಿಂದ ತೆಗೆದ ರಕ್ತನಾಳ ಜೋಡಿಸೋದು ಒಂದು ದಾರಿ. ತೊಡೆಸಂದಿಯಿಂದ ತೆಳು ನಳಿಕೆ ಕಳಿಸಿ, ಒಳಗಡೆ ಹೊದಿಕೆ ಇರುವ ಸ್ಟೆಂಟ್ ಕೂರಿಸೋದು ಇನ್ನೊಂದು. ಯಾವುದು ಅನ್ನೋದನ್ನ ಉಬ್ಬಿನ ಜಾಗ, ಆಕಾರ, ಕಾರಣ ನೋಡಿ ನಿರ್ಧರಿಸ್ತಾರೆ. ಸಣ್ಣದಿದ್ದರೆ ಕೆಲವರಿಗೆ ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಟ್ಟು, ಆಗಾಗ ಸ್ಕ್ಯಾನ್ ಮಾಡಿ ಕಾಯ್ತಾರೆ.

"ಇದು ವಯಸ್ಸಾದವರ ಕಾಯಿಲೆ, ನಮಗ್ಯಾಕೆ?" ಅನ್ನಬೇಡಿ. ಬೈಕ್ ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟಾದರೆ ನಾಳದ ಒಳಪದರ ಹರಿದು, ಆಮೇಲೆ ಅಲ್ಲೇ ಉಬ್ಬಬಹುದು. ಕತ್ತನ್ನ ರಭಸವಾಗಿ ತಿರುಚಿದಾಗಲೂ ಅಪರೂಪಕ್ಕೆ ನಾಳ ಹರಿಯೋದುಂಟು. ಮುಂದಿನ ಸಲ ಸಲೂನ್‌ನಲ್ಲಿ ಕಟಿಂಗ್ ಮುಗಿಸಿ, ಕುತ್ತಿಗೆ ಲಟಿಕೆ ತೆಗೆಯೋಕೆ ಕೈ ಹಾಕಿದರೆ "ಬೇಡಣ್ಣ, ತಲೆ ಮಸಾಜ್ ಸಾಕು" ಅನ್ನಿ.